ಎರಡು ರಾತ್ರಿಗೆ ಒಂದೇ ಊರು: ಐರ್ಲೆಂಡಿನ ವಾರಾಂತ್ಯಕ್ಕೆ ಡಬ್ಲಿನ್, ಗಾಲ್ವೇ, ಕಾರ್ಕ್‌ಗಳಲ್ಲಿ ಯಾವುದು?

ಶುಕ್ರವಾರ ಕೆಲಸ ಮುಗಿಸಿ ಹೊರಟು ಭಾನುವಾರ ರಾತ್ರಿ ಮರಳುವ ಪ್ರವಾಸದಲ್ಲಿ ಕೈಗೆ ಸಿಗುವುದು ಎರಡು ರಾತ್ರಿ, ಒಂದು ಪೂರ್ತಿ ಹಗಲು, ಮತ್ತೆ ಅರ್ಧ ಹಗಲು. ಐರ್ಲೆಂಡ್ ಸಣ್ಣ ದೇಶವಾದ್ದರಿಂದ ಇಷ್ಟರಲ್ಲಿಯೇ ಎರಡು ಮೂರು ಊರುಗಳನ್ನು ನೋಡಿಬಿಡಬಹುದೆಂಬ ಆಸೆ ಹುಟ್ಟುವುದು ಸಹಜ, ಮತ್ತು ಭೂಪಟದಲ್ಲಿ ಆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಡಬ್ಲಿನ್‌ನಿಂದ ಗಾಲ್ವೇಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ ಹಿಡಿಯುತ್ತದೆ, ಡಬ್ಲಿನ್‌ನಿಂದ ಕಾರ್ಕ್‌ಗೂ ಹೆಚ್ಚು ಕಡಿಮೆ ಅಷ್ಟೇ. ಗಾಲ್ವೇಯಿಂದ ಕಾರ್ಕ್‌ಗೆ ನೇರ ರೈಲೇ ಇಲ್ಲ, ಬಸ್ಸಿನಲ್ಲಿ ನಾಲ್ಕು ಗಂಟೆಯಷ್ಟು ದಾರಿ. ಮೂರನ್ನೂ ಮುಟ್ಟಿ ಬರಲು ಹೊರಟವರು ಒಂಬತ್ತು ಗಂಟೆಯನ್ನು ಕಿಟಕಿಯ ಪಕ್ಕದಲ್ಲಿಯೇ ಕಳೆದು, ಪಬ್ಬಿಗೆ ಬರುವ ಹೊತ್ತಿಗೆ ಮಾತಾಡಲು ತ್ರಾಣವಿಲ್ಲದವರಾಗಿರುತ್ತಾರೆ.

ನಾನು ಡಬ್ಲಿನ್‌ನಲ್ಲಿಯೂ ನನ್ನ ಹಳೆಯ ಸಹಪಾಠಿ ಲಿಮರಿಕ್‌ನಲ್ಲಿಯೂ ಕೆಲಸದಲ್ಲಿದ್ದ ವರ್ಷಗಳಲ್ಲಿ ಈ ಊರುಗಳನ್ನು ನಾವಿಬ್ಬರೂ ಸೇರಿ ಸುತ್ತಿದ್ದೇವೆ. ಮೊದಲ ಸಲ ಡಬ್ಲಿನ್ ಮತ್ತು ಗಾಲ್ವೇ ಎರಡನ್ನೂ ಒಂದೇ ವಾರಾಂತ್ಯಕ್ಕೆ ತುರುಕಿದ್ದರಿಂದ, ಡಬ್ಲಿನ್‌ನಲ್ಲಿ ಸಂಜೆ ಕಳೆಗಟ್ಟುವ ಹೊತ್ತಿಗೆ ನಾವು ರೈಲು ನಿಲ್ದಾಣದಲ್ಲಿದ್ದೆವು, ಗಾಲ್ವೇಯಲ್ಲಿ ಸಂಗೀತ ಕಾವೇರುವ ಹೊತ್ತಿಗೆ ಹಾಸಿಗೆಯಲ್ಲಿದ್ದೆವು. ಆ ಮೇಲೆ ಒಂದು ವಾರಾಂತ್ಯಕ್ಕೆ ಒಂದೇ ಊರು ಎಂದು ನಿಶ್ಚಯಿಸಿಕೊಂಡೆವು. ಅವನು ಕರಿ ಬಿಯರನ್ನು, ಎಂದರೆ ಸ್ಟೌಟನ್ನು, ಪ್ರೀತಿಯಿಂದ ಕುಡಿಯುವವನು. ನಾನು ಮದ್ಯ ಮುಟ್ಟದವನು, ಜೊತೆಗೆ ಸಸ್ಯಾಹಾರಿ. ಆದ್ದರಿಂದ ಒಬ್ಬರು ಕುಡಿಯುವ, ಒಬ್ಬರು ಕುಡಿಯದ ಜೋಡಿಗೂ ಈ ಬರಹ ಉಪಯೋಗಕ್ಕೆ ಬರುತ್ತದೆಂದು ನಂಬಿದ್ದೇನೆ.

ಯಾವುದನ್ನು ಯಾವುದರೊಡನೆ ಹೋಲಿಸಬೇಕು

ಊರುಗಳನ್ನು ಹೋಲಿಸುವವರು ಸಾಮಾನ್ಯವಾಗಿ ಕೋಟೆ, ಚರ್ಚು, ವಸ್ತುಸಂಗ್ರಹಾಲಯಗಳ ಪಟ್ಟಿಯನ್ನು ಎದುರಿಟ್ಟುಕೊಳ್ಳುತ್ತಾರೆ. ಗೆಳೆಯನೊಡನೆ ಹೋಗುವ ವಾರಾಂತ್ಯಕ್ಕೆ ಆ ಅಳತೆಗೋಲು ಹೊಂದುವುದಿಲ್ಲ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ನೀವಿಬ್ಬರೂ ಏನು ಮಾಡುತ್ತ ಕೂರಲು ಬಯಸುತ್ತೀರಿ ಎಂಬ ಪ್ರಶ್ನೆಯನ್ನು ಮೊದಲು ಇತ್ಯರ್ಥ ಮಾಡಿಕೊಂಡರೆ ಊರು ತಾನಾಗಿಯೇ ಗೊತ್ತಾಗುತ್ತದೆ. ಐರಿಶ್ ಪಬ್ಬು ಕುಡಿಯುವ ಸ್ಥಳವಾಗಿರುವಷ್ಟೇ ಊರಿನ ಹರಟೆಕಟ್ಟೆಯೂ ಆಗಿದೆ. ಅಲ್ಲಿ ಒಂದು ಲೋಟ ಹಿಡಿದು ಎರಡು ಗಂಟೆ ಕುಳಿತವರನ್ನು ಯಾರೂ ಎಬ್ಬಿಸುವುದಿಲ್ಲ. ಆದರೆ ಕೆಲವು ಪಬ್ಬುಗಳು ಮಾತಿಗಾಗಿ ಇವೆ, ಕೆಲವು ಸಂಗೀತಕ್ಕಾಗಿ, ಕೆಲವು ಊಟಕ್ಕಾಗಿ. ಸ್ಥೂಲವಾಗಿ ಹೇಳುವುದಾದರೆ ಮಾತಿನ ಪಬ್ಬುಗಳು ಡಬ್ಲಿನ್‌ನಲ್ಲಿ ಹೆಚ್ಚು, ಸಂಗೀತದವು ಗಾಲ್ವೇಯಲ್ಲಿ. ಕಾರ್ಕ್‌ನಲ್ಲಿ ಊಟ, ಮಾತು, ಸಂಗೀತ ಮೂರೂ ಒಂದು ಮಟ್ಟಿಗೆ ಸಿಗುತ್ತವೆ, ಮತ್ತು ಅವಸರವಿಲ್ಲದೆ ಸಿಗುತ್ತವೆ.

ಪಬ್ಬಿನ ರೀತಿನೀತಿ ಮೂರು ಊರುಗಳಲ್ಲೂ ಒಂದೇ. ಮೇಜಿನ ಬಳಿ ಯಾರಾದರೂ ಬಂದು ಕೇಳುತ್ತಾರೆಂದು ಕಾಯಬಾರದು, ಕೌಂಟರಿಗೆ ಹೋಗಿ ಕೇಳಿ ಅಲ್ಲಿಯೇ ಹಣ ಕೊಡಬೇಕು. ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಸ್ಟೌಟನ್ನು ಎರಡು ಹಂತದಲ್ಲಿ ತುಂಬುತ್ತಾರೆ. ಮುಕ್ಕಾಲು ತುಂಬಿದ ಲೋಟವನ್ನು ನೊರೆ ತಿಳಿಯಾಗಲೆಂದು ಪಕ್ಕಕ್ಕಿಟ್ಟು ಆಮೇಲೆ ಪೂರ್ತಿ ಮಾಡುವುದರಿಂದ, ಗಿನ್ನೆಸ್ ಕಂಪನಿಯ ಲೆಕ್ಕದಂತೆ ಇದಕ್ಕೆ 119.5 ಸೆಕೆಂಡು ಬೇಕು. ಪಕ್ಕಕ್ಕಿಟ್ಟ ಲೋಟವನ್ನು ತಮ್ಮದೆಂದು ಎತ್ತಿಕೊಳ್ಳುವುದು ಹೊಸಬರು ಮಾಡುವ ತಪ್ಪು. ಇಬ್ಬರು ಒಟ್ಟಿಗೆ ಕೂತರೆ ಒಂದು ಸಲ ನೀವು ಇಬ್ಬರಿಗೂ ತರಬೇಕು, ಮುಂದಿನ ಸಲ ಅವರು ತರುತ್ತಾರೆ. ಇದನ್ನು ರೌಂಡ್ ಎನ್ನುತ್ತಾರೆ, ತನ್ನ ಸರದಿ ತಪ್ಪಿಸಿಕೊಳ್ಳುವವನನ್ನು ಅಲ್ಲಿನವರು ಬಹಳ ದಿನ ನೆನಪಿಡುತ್ತಾರೆ. ಕುಡಿಯದವರು ರೌಂಡಿನಿಂದ ಹೊರಗುಳಿಯಬೇಕಾಗಿಲ್ಲ. ಚಹಾ, ಕಾಫಿ ಬಹುಪಾಲು ಪಬ್ಬುಗಳಲ್ಲಿ ಸಿಗುತ್ತವೆ, ಮದ್ಯಾಂಶವಿಲ್ಲದ ಗಿನ್ನೆಸ್ 0.0 ಈಗ ಎಲ್ಲೆಡೆ ಇದೆ, ಮತ್ತು ಅದನ್ನು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಹಿಂದೆ ಗಿನ್ನೆಸನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥವನ್ನು ಬಳಸುತ್ತಿದ್ದರು, ಕಳೆದ ದಶಕದಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಬಿಯರ್ ಕುಡಿಯುವ ಸಸ್ಯಾಹಾರಿಗಳಿಗೆ ಇದು ತಿಳಿದಿರಲಿ. ಪಬ್ಬಿನ ಒಳಗೆ ಸಿಗರೇಟಿನ ಹೊಗೆ ಇರುವುದಿಲ್ಲ, 2004ರ ಮಾರ್ಚ್ 29ರಿಂದಲೇ ಅದಕ್ಕೆ ನಿಷೇಧವಿದೆ.

ಇನ್ನೊಂದು ಮಾತನ್ನು ಸಸ್ಯಾಹಾರಿಗಳು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಪಬ್ಬು ಶುಕ್ರವಾರ, ಶನಿವಾರ ನಡುರಾತ್ರಿಯ ನಂತರವೂ ತೆರೆದಿದ್ದರೂ ಅದರ ಅಡುಗೆಮನೆ ರಾತ್ರಿ ಒಂಬತ್ತರ ಸುಮಾರಿಗೆ ಮುಚ್ಚುತ್ತದೆ, ಎಷ್ಟೋ ಹಳೆಯ ಪಬ್ಬುಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಏಳು ಗಂಟೆಗೆಲ್ಲ ಊಟ ಮುಗಿಸಿ ಆಮೇಲೆ ಕೂರುವುದು ಎಲ್ಲ ಊರುಗಳಲ್ಲೂ ಕ್ಷೇಮ.

ಡಬ್ಲಿನ್: ಮಾತಿಗೆ ಕೂರುವವರಿಗೆ

ಡಬ್ಲಿನ್ ಎಂದರೆ ಟೆಂಪಲ್ ಬಾರ್ ಎಂದು ನಂಬಿ ಬರುವವರು ಬಹಳ. ಲಿಫಿ ನದಿಯ ದಕ್ಷಿಣ ದಂಡೆಯಲ್ಲಿ, ಕಲ್ಲು ಹಾಸಿನ ಗಲ್ಲಿಗಳಿರುವ ಆ ಬಡಾವಣೆ ನೋಡಲು ನಿಜವಾಗಿಯೂ ಚೆನ್ನಾಗಿದೆ; ಹಗಲಿನಲ್ಲಿ ಒಂದು ಸುತ್ತು ಹಾಕಿ ಬರಬೇಕು. ಆದರೆ ಸಂಜೆಗೆ ಅಲ್ಲಿ ಪಿಂಟಿನ ಬೆಲೆ ಹತ್ತಿರದ ಬೀದಿಗಳಿಗಿಂತ ಎರಡು ಮೂರು ಯೂರೋ ಏರಿರುತ್ತದೆ, ಧ್ವನಿವರ್ಧಕದ ಅಬ್ಬರದಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ, ಮತ್ತು ಸುತ್ತಲಿರುವವರೆಲ್ಲ ನಿಮ್ಮಂತೆಯೇ ಬಂದ ಪ್ರವಾಸಿಗರು. ಅಲ್ಲಿಂದ ಹತ್ತು ನಿಮಿಷ ನಡೆದರೆ ಬೇರೆಯೇ ಡಬ್ಲಿನ್ ಸಿಗುತ್ತದೆ. ಡೇಮ್ ಕೋರ್ಟಿನ ಸ್ಟ್ಯಾಗ್ಸ್ ಹೆಡ್, ಸೌತ್ ಗ್ರೇಟ್ ಜಾರ್ಜಸ್ ಸ್ಟ್ರೀಟಿನ ಲಾಂಗ್ ಹಾಲ್, ಸೌತ್ ಆನ್ ಸ್ಟ್ರೀಟಿನ ಕೀಹೋಸ್, ಪೂಲ್‌ಬೆಗ್ ಸ್ಟ್ರೀಟಿನ ಮಲ್ಲಿಗನ್ಸ್, ಇವೆಲ್ಲ ಕಡುಗಂದು ಮರ, ಹಳೆಯ ಕನ್ನಡಿ, ಕೆತ್ತನೆಯ ಗಾಜುಗಳ ಪಬ್ಬುಗಳು. ಸೌತ್ ವಿಲಿಯಂ ಸ್ಟ್ರೀಟಿನ ಗ್ರೋಗನ್ಸ್‌ನಲ್ಲಿ ಸಂಗೀತವೂ ಇಲ್ಲ, ಟಿವಿಯೂ ಇಲ್ಲ. ಗೋಡೆಯ ತುಂಬ ಸ್ಥಳೀಯ ಕಲಾವಿದರ ಚಿತ್ರಗಳು, ಹಸಿದವರಿಗೆ ಸುಟ್ಟ ಚೀಸ್ ಸ್ಯಾಂಡ್‌ವಿಚ್ಚು, ಉಳಿದಂತೆ ಬರೀ ಮಾತು.

ಹಳೆಯ ಪಬ್ಬುಗಳಲ್ಲಿ ಕೌಂಟರಿನ ಒಂದು ತುದಿಗೆ ಮರದ ಗೋಡೆ, ಬಾಗಿಲುಗಳಿಂದ ಮರೆ ಮಾಡಿದ ಪುಟ್ಟ ಕೋಣೆಯಿರುತ್ತದೆ. ಇದಕ್ಕೆ ಸ್ನಗ್ ಎನ್ನುತ್ತಾರೆ. ಹೆಂಗಸರು ಪಬ್ಬಿನಲ್ಲಿ ಎಲ್ಲರೆದುರು ಕೂರುವುದು ಮರ್ಯಾದೆಯಲ್ಲವೆಂದು ಎಣಿಸುತ್ತಿದ್ದ ಕಾಲದಲ್ಲಿ ಅವರೂ, ಊರಿನ ಕಣ್ಣಿಗೆ ಬೀಳಬಾರದೆಂದಿದ್ದ ಪಾದ್ರಿ ಪೊಲೀಸರೂ ಇಲ್ಲಿ ಕೂರುತ್ತಿದ್ದರು. ಬ್ಯಾಗಟ್ ಸ್ಟ್ರೀಟಿನ ಟೋನರ್ಸ್‌ನಲ್ಲಿಯೂ ಕೀಹೋಸ್‌ನಲ್ಲಿಯೂ ಇಂಥ ಸ್ನಗ್‌ಗಳು ಈಗಲೂ ಇವೆ. ಬಹಳ ದಿನಗಳ ಮೇಲೆ ಸಿಕ್ಕ ಇಬ್ಬರು ಗೆಳೆಯರಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಸಿಗುವ ಸಾಧ್ಯತೆ ಹೆಚ್ಚು, ರಾತ್ರಿ ಅದರ ಆಸೆ ಇಟ್ಟುಕೊಳ್ಳಬಾರದು.

ಸಂಗೀತ ಬೇಕೆಂದರೆ ಸ್ಮಿತ್‌ಫೀಲ್ಡಿನ ಕಾಬಲ್‌ಸ್ಟೋನ್‌ಗೆ ಹೋಗಬೇಕು. 2021ರಲ್ಲಿ ಅದರ ಆವರಣದಲ್ಲಿ ಹೋಟೆಲ್ ಕಟ್ಟುವ ಪ್ರಸ್ತಾಪ ಬಂದಾಗ ವಾದ್ಯಗಾರರೂ ಸಾಮಾನ್ಯ ಜನರೂ ಬೀದಿಗಿಳಿದು ಪ್ರತಿಭಟಿಸಿದರು, ಕೊನೆಗೆ ನಗರಸಭೆ ಆ ಯೋಜನೆಗೆ ಅನುಮತಿ ನಿರಾಕರಿಸಿತು. ಒಂದು ಪಬ್ಬಿನ ಮೂಲೆಗಾಗಿ ಒಂದು ನಗರ ಹೀಗೆ ನಿಂತದ್ದನ್ನು ತಿಳಿದ ಮೇಲೆ ಆ ಮೂಲೆಯಲ್ಲಿ ಕೂತು ಕೇಳುವ ಸಂಗೀತಕ್ಕೆ ಬೇರೆ ತೂಕ ಬರುತ್ತದೆ.

ಡಬ್ಲಿನ್‌ನ ಹಗಲುಗಳ ವಿಷಯದಲ್ಲಿ ಕೊರತೆಯೇ ಇಲ್ಲ. 1592ರಲ್ಲಿ ಸ್ಥಾಪನೆಯಾದ ಟ್ರಿನಿಟಿ ಕಾಲೇಜಿನಲ್ಲಿ ಸುಮಾರು ಕ್ರಿ.ಶ. 800ರ ಕಾಲದ, ಬಣ್ಣದ ಚಿತ್ತಾರಗಳ ‘ಬುಕ್ ಆಫ್ ಕೆಲ್ಸ್’ ಹಸ್ತಪ್ರತಿಯಿದೆ. ಡಬ್ಲಿನ್ ಕೋಟೆಯ ಆವರಣದ ಚೆಸ್ಟರ್ ಬೀಟಿ ಗ್ರಂಥಾಲಯಕ್ಕೆ ಪ್ರವೇಶ ಉಚಿತ, ಅದರ ಸಂಗ್ರಹದಲ್ಲಿ ನಮ್ಮ ಮೊಘಲರ ಕಾಲದ ಚಿತ್ರಗಳೂ ಸೇರಿವೆ. ಪ್ರವಾಸಿಗರು ಇದನ್ನು ದಾಟಿ ಹೋಗಿಬಿಡುತ್ತಾರೆಂಬುದು ನನಗೆ ಬೇಸರದ ಸಂಗತಿ. ಗಿನ್ನೆಸ್ ಬಿಯರಿನ ಪ್ರದರ್ಶನಾಲಯವಾದ ಗಿನ್ನೆಸ್ ಸ್ಟೋರ್‌ಹೌಸ್ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಆರ್ಥರ್ ಗಿನ್ನೆಸ್ 1759ರಲ್ಲಿ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಗಳಿಗೆ ಗುತ್ತಿಗೆ ಹಿಡಿದ ಜಾಗವದು. ಕೊನೆಯ ಮಹಡಿಯಿಂದ ಇಡೀ ನಗರ ಕಾಣುತ್ತದೆ. ಆದರೆ ಟಿಕೆಟ್ ದುಬಾರಿ, ಮೊದಲೇ ಕಾದಿರಿಸಬೇಕು, ಮತ್ತು ಶನಿವಾರ ನೂಕುನುಗ್ಗಲು. ಸ್ಟೌಟ್ ಇಷ್ಟಪಡದ ಜೋಡಿ ಇದನ್ನು ನಿಶ್ಚಿಂತೆಯಿಂದ ಬಿಡಬಹುದು.

ಭಾನುವಾರದ ಅರ್ಧ ಹಗಲಿಗೆ ಡಬ್ಲಿನ್‌ನಲ್ಲಿ ನನ್ನ ಆಯ್ಕೆ ಗ್ಲಾಸ್‌ನೆವಿನ್. 1832ರಲ್ಲಿ ತೆರೆದ ಅಲ್ಲಿನ ಸ್ಮಶಾನದಲ್ಲಿ ಹದಿನೈದು ಲಕ್ಷದಷ್ಟು ಜನರನ್ನು ಮಣ್ಣು ಮಾಡಲಾಗಿದೆ. ಅದರ ಗೋಡೆಗೆ ಆತುಕೊಂಡೇ 1833ರಿಂದ ಕ್ಯಾವನಾ ಮನೆತನದ ಪಬ್ಬಿದೆ, ಊರವರ ಬಾಯಲ್ಲಿ ಅದು ‘ಗ್ರೇವ್‌ಡಿಗ್ಗರ್ಸ್’, ಎಂದರೆ ಗೋರಿ ತೋಡುವವರ ಪಬ್ಬು. ಅಲ್ಲಿ ಹಾಡಿಲ್ಲ, ಟಿವಿಯಿಲ್ಲ. ಪಕ್ಕದಲ್ಲಿಯೇ ರಾಷ್ಟ್ರೀಯ ಸಸ್ಯೋದ್ಯಾನ. ಬಸ್ಸಿನಲ್ಲಿ ನಗರದಿಂದ ಸ್ವಲ್ಪ ಹೊತ್ತಿನ ದಾರಿ.

ಡಬ್ಲಿನ್‌ನ ನಿಜವಾದ ತೊಡಕು ವಸತಿಯ ಬೆಲೆ. ವಾರಾಂತ್ಯದಲ್ಲಿ ದೊಡ್ಡ ಸಂಗೀತ ಕಛೇರಿಯೋ ರಗ್ಬಿ ಪಂದ್ಯವೋ ಇದ್ದರೆ ಸಾಧಾರಣ ಕೋಣೆಯೂ ಕೈಗೆಟುಕುವುದಿಲ್ಲ. ಟ್ರಾಮಿನ ಮಾರ್ಗದಲ್ಲಿ, ನಗರದ ನಡುವಿನಿಂದ ಸ್ವಲ್ಪ ದೂರ ತಂಗಿ ಬಸ್ಸು, ಟ್ರಾಮುಗಳಿಗೆ ನಡೆಯುವ ಲೀಪ್ ಕಾರ್ಡಿನಲ್ಲಿ ಓಡಾಡುವುದು ಇದಕ್ಕೆ ತಕ್ಕ ಪರಿಹಾರ. ವಿಮಾನದಲ್ಲಿ ಬರುವವರಿಗೆ ಮಾತ್ರ ಡಬ್ಲಿನ್ ಬಹಳ ಹೊತ್ತನ್ನು ಉಳಿಸುತ್ತದೆ: ವಿಮಾನ ನಿಲ್ದಾಣ ನಗರದಿಂದ ಸುಮಾರು ಹತ್ತು ಕಿಲೋಮೀಟರು. ಅಲ್ಲಿಗೆ ರೈಲಿಲ್ಲ, ಬಸ್ಸುಗಳು ಬೇಕಾದಷ್ಟಿವೆ.

ಗಾಲ್ವೇ: ಸಂಗೀತಕ್ಕೆ ಕಿವಿಗೊಡುವವರಿಗೆ

ಗಾಲ್ವೇ ಎಂಬ ಹೆಸರು ಕನ್ನಡಿಗರಲ್ಲಿ ಬಹುಮಂದಿಗೆ ಮೊದಲು ಕಿವಿಗೆ ಬಿದ್ದದ್ದು ದುಃಖದ ಸುದ್ದಿಯಾಗಿ. 2012ರ ಅಕ್ಟೋಬರಿನಲ್ಲಿ ಬೆಳಗಾವಿಯ ಸವಿತಾ ಹಾಲಪ್ಪನವರ, ಕೇಳಿಕೊಂಡರೂ ಆಸ್ಪತ್ರೆಯಲ್ಲಿ ಗರ್ಭಪಾತ ನಿರಾಕರಿಸಿದ ಮೇಲೆ, ತೀರಿಕೊಂಡದ್ದು ಈ ಊರಿನಲ್ಲಿ. ಆ ಸಾವು ಎಬ್ಬಿಸಿದ ಆಕ್ರೋಶ 2018ರ ಜನಮತಗಣನೆಯಲ್ಲಿ ಆ ದೇಶದ ಗರ್ಭಪಾತ ನಿಷೇಧವನ್ನು ಕಿತ್ತುಹಾಕುವವರೆಗೆ ಹೋಯಿತು. ನಾವು ಮೊದಲ ಸಲ ಅಲ್ಲಿ ಇಳಿದಾಗ ನನ್ನ ಗೆಳೆಯ ಮೊದಲು ಎತ್ತಿದ್ದು ಅವರ ಮಾತನ್ನೇ. ಇಂದಿಗೂ ಅಲ್ಲಿನ ಜನಕ್ಕೆ ಕರ್ನಾಟಕದವರೆಂದು ಹೇಳಿಕೊಂಡರೆ ಆ ಹೆಸರನ್ನು ಮೆಲುದನಿಯಲ್ಲಿ ನೆನೆಯುವವರು ಸಿಗುತ್ತಾರೆ.

ಊರು ಚಿಕ್ಕದು. ರೈಲು ನಿಲ್ದಾಣದ ಪಕ್ಕದಲ್ಲಿಯೇ ಐರ್ ಸ್ಕ್ವೇರ್, ಅಲ್ಲಿಂದ ಶಾಪ್ ಸ್ಟ್ರೀಟ್, ಕ್ವೇ ಸ್ಟ್ರೀಟ್‌ಗಳನ್ನು ಹಿಡಿದು ನಡೆದರೆ ಕಾಲು ಗಂಟೆಯೊಳಗೆ ಕೊರಿಬ್ ನದಿ ಕಡಲು ಸೇರುವಲ್ಲಿ, 1584ರ ಸ್ಪ್ಯಾನಿಶ್ ಆರ್ಚಿನ ಬಳಿ ಇರುತ್ತೀರಿ. ಬಸ್ಸು ಟ್ಯಾಕ್ಸಿಗಳ ಗೊಡವೆಯಿಲ್ಲ. ಒಂದು ಪಬ್ಬಿನಲ್ಲಿ ಜಾಗವಿಲ್ಲದಿದ್ದರೆ ಮುಂದಿನದು ಐವತ್ತು ಹೆಜ್ಜೆಯಲ್ಲಿ. ಡಬ್ಲಿನ್‌ನ ಮೇಲೆ ಗಾಲ್ವೇಗಿರುವ ಮೊದಲ ಮೇಲುಗೈ ಇದು.

ಎರಡನೆಯದು, ಮತ್ತು ಮುಖ್ಯವಾದದ್ದು, ಅಲ್ಲಿನ ಸೆಷನ್. ಸೆಷನ್ ಎಂದರೆ ಕಛೇರಿಯಲ್ಲ. ವೇದಿಕೆಯಿಲ್ಲ, ಟಿಕೆಟ್ಟಿಲ್ಲ, ಪಬ್ಬಿನ ಒಂದು ಮೂಲೆಯ ಮೇಜಿನ ಸುತ್ತ ನಾಲ್ಕೈದು ವಾದ್ಯಗಾರರು, ಕೆಲವೊಮ್ಮೆ ಹದಿನೈದು ಮಂದಿ, ಒಬ್ಬರಿಗೊಬ್ಬರು ಮುಖ ಕೊಟ್ಟು ಕೂತು ನುಡಿಸುತ್ತಾರೆ. ಫಿಡಲ್ ಎಂದರೆ ನಮ್ಮ ಪಿಟೀಲೇ, ಹಿಡಿಯುವ ರೀತಿ ಮಾತ್ರ ಬೇರೆ: ನಮ್ಮವರು ನೆಲದಲ್ಲಿ ಕೂತು ಪಾದಕ್ಕೆ ಆನಿಸುವುದನ್ನು ಅವರು ಕುರ್ಚಿಯಲ್ಲಿ ಕೂತು ಭುಜಕ್ಕೆ ಆನಿಸುತ್ತಾರೆ. ಜೊತೆಗೆ ತವರದ ಕೊಳಲು, ಎರಡು ಕೈಗಳಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಕಾನ್ಸರ್ಟಿನಾ, ಮೊಣಕೈಯಿಂದ ತಿದಿಯೊತ್ತಿ ನುಡಿಸುವ ಇಲನ್ ಪೈಪ್ಸ್, ಮತ್ತು ಕೋಲಿನಿಂದ ಬಾರಿಸುವ ಬೌರಾನ್ ಎಂಬ ಒಂಟಿಮುಖದ ಚರ್ಮವಾದ್ಯ. ರೀಲ್, ಜಿಗ್ ಮುಂತಾದ ಕುಣಿತದ ಮಟ್ಟುಗಳನ್ನು ಎರಡೋ ಮೂರೋ ಸಲ ಸುತ್ತಿ, ನಿಲ್ಲಿಸದೆಯೇ ಇನ್ನೊಂದಕ್ಕೆ ಜಾರುತ್ತಾರೆ. ಆ ಜಾರುವ ಘಳಿಗೆಯಲ್ಲಿ ಇಡೀ ಮೇಜು ಒಮ್ಮೆಲೇ ತಿರುಗುವುದನ್ನು ಕೇಳಬೇಕು. ಕರ್ನಾಟಕ ಸಂಗೀತದ ಅಭ್ಯಾಸವಿರುವ ಕಿವಿಗೆ ಮೊದಮೊದಲು ಎಲ್ಲ ಮಟ್ಟುಗಳೂ ಒಂದೇ ಎನಿಸಬಹುದು. ಅರ್ಧ ಗಂಟೆ ತಾಳ್ಮೆಯಿಂದ ಕೂತರೆ ಆರರ ನಡೆಯ ಜಿಗ್ ಯಾವುದು, ನಾಲ್ಕರ ನಡೆಯ ರೀಲ್ ಯಾವುದು ಎಂಬುದು ಕಾಲಿಗೇ ಗೊತ್ತಾಗುತ್ತದೆ.

ಮೇನ್‌ಗಾರ್ಡ್ ಸ್ಟ್ರೀಟಿನ ಟಿಗ್ ಕೋಲಿಯಲ್ಲಿ ಸಂಜೆಯೊಮ್ಮೆ, ರಾತ್ರಿಯೊಮ್ಮೆ ಸೆಷನ್ ನಡೆಯುತ್ತದೆ. ಜಾಗ ಇಕ್ಕಟ್ಟು, ಆದ್ದರಿಂದ ಸಂಜೆಯದಕ್ಕೇ ಹೋಗುವುದು ಮೇಲು. ನದಿಯಾಚೆ ಸೀ ರೋಡಿನಲ್ಲಿರುವ ಕ್ರೇನ್ ಬಾರ್ ಸ್ವಲ್ಪ ದೂರವಾದ್ದರಿಂದ ಪ್ರವಾಸಿಗರ ದಟ್ಟಣೆ ಅಲ್ಲಿ ಕಡಿಮೆ, ಕೇಳುಗರ ಶ್ರದ್ಧೆ ಹೆಚ್ಚು. ನನ್ನ ಮಟ್ಟಿಗೆ ಗಾಲ್ವೇಯ ಅತ್ಯುತ್ತಮ ರಾತ್ರಿ ಅಲ್ಲಿಯೇ ಕಳೆದದ್ದು. ವಾದ್ಯಗಾರರ ಮೇಜಿನ ಖಾಲಿ ಕುರ್ಚಿಗಳು ತಡವಾಗಿ ಬರುವ ವಾದ್ಯಗಾರರಿಗೆ ಮೀಸಲು, ಅಲ್ಲಿ ಕೂರಬಾರದು. ಒಬ್ಬರೇ ಹಾಡಲು ಕಣ್ಣು ಮುಚ್ಚಿದಾಗ ಪಬ್ಬೆಲ್ಲ ಮೌನವಾಗುತ್ತದೆ, ನೀವೂ ಮಾತು ನಿಲ್ಲಿಸಬೇಕು. ಗಾಲ್ವೇಯಲ್ಲಿ ರಾತ್ರಿ ಒಂಬತ್ತರ ಮೇಲೆ ಇಬ್ಬರಿಗೂ ಮಾತು ಸಾಧ್ಯವಾಗುವುದು ಕಷ್ಟವೆಂಬುದನ್ನು ಇದರಿಂದಲೇ ಊಹಿಸಬಹುದು. ಮಾತಿಗೆ ಹಗಲಿನ ಪಬ್ಬು ಬೇಕೆಂದರೆ ಕ್ರಾಸ್ ಸ್ಟ್ರೀಟಿನ ಮೂಲೆಯಲ್ಲಿ 1894ರಿಂದ ಇರುವ ಟೀ ನಾಕ್ಟನ್ ಇದೆ. ಪ್ರಾಣಿಹಿಂಸೆಯ ವಿರುದ್ಧ 1822ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಕಾನೂನು ಮಾಡಿಸಿದ ರಿಚರ್ಡ್ ಮಾರ್ಟಿನ್‌ರ ಮನೆಯಾಗಿತ್ತು ಆ ಕಟ್ಟಡ.

ಶನಿವಾರ ಬೆಳಿಗ್ಗೆ ಸಂತ ನಿಕೋಲಸ್ ಚರ್ಚಿನ ಪಕ್ಕದ ಸಂತೆ, ಆಮೇಲೆ ಸಾಲ್ಟ್‌ಹಿಲ್‌ನ ಕಡಲ ದಂಡೆಯ ನಡಿಗೆ, ಕೊನೆಗೆ ತಲುಪಿದಾಗ ಊರವರಂತೆ ಗೋಡೆಗೊಂದು ಒದೆ. ಇಷ್ಟಕ್ಕೆ ಹಗಲು ಸಾಕು. ಎಲ್ಲರೂ ಕೇಳುವುದು ಮೋಹರ್ ಬಂಡೆಗಳನ್ನು ಇದೇ ವಾರಾಂತ್ಯದಲ್ಲಿ ನೋಡಬಹುದೇ ಎಂದು. ಅಟ್ಲಾಂಟಿಕ್ ಕಡಲಿನ ಮೇಲೆ 214 ಮೀಟರಿನಷ್ಟು ಎತ್ತರಕ್ಕೆ ನೆಟ್ಟಗೆ ನಿಂತ ಆ ಬಂಡೆಗಳು ಜೀವನದಲ್ಲೊಮ್ಮೆ ನೋಡಬೇಕಾದವು. ಆದರೆ ಗಾಲ್ವೇಯಿಂದ ಬಸ್ಸಿನಲ್ಲಿ ಹೋಗಿ ಬರಲು ಶನಿವಾರದ ಹಗಲೆಲ್ಲ ಬೇಕು, ಮಂಜು ಮುಸುಕಿದರೆ ಏನೂ ಕಾಣುವುದಿಲ್ಲ, ಸಂಜೆ ದಣಿದು ಬಂದವರಿಗೆ ಸೆಷನ್ನಿನಲ್ಲಿ ತೂಕಡಿಕೆ. ಮೂರನೆಯ ರಾತ್ರಿ ಸಿಗುವುದಾದರೆ ಮಾತ್ರ ಹೋಗಿ ಎಂಬುದು ನನ್ನ ಸಲಹೆ.

ಪಶ್ಚಿಮ ಕರಾವಳಿಯಾದ್ದರಿಂದ ಮಳೆ ಹೆಚ್ಚು. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ತಲೆ ಮುಚ್ಚುವ ಮಳೆ ಅಂಗಿ ಬೇಕು. ಜುಲೈನ ಕಲಾ ಉತ್ಸವ, ಅದರ ಬೆನ್ನಿಗೇ ಬರುವ ಕುದುರೆ ಪಂದ್ಯದ ವಾರ, ಸೆಪ್ಟೆಂಬರ್ ಕೊನೆಯ ಆಯ್ಸ್ಟರ್ ಉತ್ಸವ, ಈ ದಿನಗಳಲ್ಲಿ ಕೋಣೆ ಸಿಗುವುದೇ ದುರ್ಲಭ. ಮದುವೆಗೆ ಮುಂಚಿನ ಮೋಜಿಗೆ ಬರುವ ಗುಂಪುಗಳು ಶನಿವಾರ ರಾತ್ರಿ ಕ್ವೇ ಸ್ಟ್ರೀಟನ್ನು ತುಂಬಿಬಿಡುವುದರಿಂದ, ಆ ರಾತ್ರಿ ನದಿ ದಾಟಿ ಆಚೆ ದಂಡೆಯಲ್ಲಿರುವುದೇ ಒಳ್ಳೆಯದು.

ಕಾರ್ಕ್: ನನ್ನ ಆಯ್ಕೆ

ಮೂರರಲ್ಲಿ ಕಡಿಮೆ ಹೆಸರಾದದ್ದು ಕಾರ್ಕ್, ಮತ್ತು ಇಬ್ಬರು ಗೆಳೆಯರ ವಾರಾಂತ್ಯಕ್ಕೆ ಹೆಚ್ಚು ಒಗ್ಗುವುದೂ ಅದೇ ಎಂಬುದು ನನ್ನ ತೀರ್ಮಾನ. ಐರಿಶ್ ಭಾಷೆಯಲ್ಲಿ ಊರಿನ ಹೆಸರಿಗೆ ಜೌಗು ನೆಲವೆಂಬ ಅರ್ಥ. ಲೀ ನದಿ ಎರಡಾಗಿ ಕವಲೊಡೆದು ಸುತ್ತುವರಿದ ದ್ವೀಪದ ಮೇಲೆ ಊರಿನ ನಡುಭಾಗವಿದೆ. ಕಾರ್ಕ್‌ನವರು ತಮ್ಮೂರನ್ನೇ ನಿಜವಾದ ರಾಜಧಾನಿಯೆಂದು ಕರೆದುಕೊಳ್ಳುತ್ತಾರೆ. ಈ ಅಭಿಮಾನ ಲೋಟದಲ್ಲಿಯೂ ಕಾಣುತ್ತದೆ: ದೇಶದ ಉಳಿದೆಡೆ ಕರಿ ಬಿಯರ್ ಎಂದರೆ ಗಿನ್ನೆಸ್ ಆದರೆ ಇಲ್ಲಿ 1792ರಲ್ಲಿ ಆರಂಭವಾದ ಬೀಮಿಶ್, 1856ರಲ್ಲಿ ಆರಂಭವಾದ ಮರ್ಫೀಸ್ ಎಂಬ ಎರಡು ಸ್ವಂತ ಸ್ಟೌಟ್‌ಗಳಿವೆ. ಬೀಮಿಶ್‌ನ ಹಳೆಯ ಕಾರ್ಖಾನೆ 2009ರಲ್ಲಿ ಮುಚ್ಚಿ ಈಗ ಎರಡೂ ಒಂದೇ ಕಡೆ ತಯಾರಾದರೂ ಕುಡಿಯುವವರ ಪಕ್ಷಗಳು ಬೇರೆಯಾಗಿಯೇ ಉಳಿದಿವೆ. ಮರ್ಫೀಸ್ ಸ್ವಲ್ಪ ಮೃದು, ಬೀಮಿಶ್‌ನಲ್ಲಿ ಹುರಿದ ಕಾಫಿಬೀಜದಂಥ ಕಹಿ ಮುಂದೆ ನಿಲ್ಲುತ್ತದೆ ಎಂಬುದು ನನ್ನ ಗೆಳೆಯನ ವರ್ಣನೆ. ಬೆಲೆಯೂ ಡಬ್ಲಿನ್‌ಗಿಂತ ಕಡಿಮೆ ಎಂಬುದನ್ನು ರೌಂಡಿಗೆ ಹಣ ಕೊಟ್ಟ ನಾನು ಬಲ್ಲೆ.

1788ರಿಂದ ನಡೆದು ಬಂದಿರುವ ಇಂಗ್ಲಿಷ್ ಮಾರ್ಕೆಟ್ ಈ ಊರಿನ ಹೊಟ್ಟೆ. ಮೀನು, ಮಾಂಸ ಹೆಚ್ಚಾಗಿದ್ದರೂ ಚೀಸ್, ಬ್ರೆಡ್ಡು, ಆಲಿವ್, ಹಣ್ಣುಗಳ ಅಂಗಡಿಗಳು ಸಸ್ಯಾಹಾರಿಯ ಮಧ್ಯಾಹ್ನಕ್ಕೆ ಧಾರಾಳ. ಭಾನುವಾರ ಮುಚ್ಚಿರುವುದರಿಂದ ಶನಿವಾರವೇ ಹೋಗಬೇಕು. ಮಾರ್ಕೆಟ್ಟಿನ ಪಕ್ಕದ ಸಂದಿಯಲ್ಲಿರುವ ಮಟನ್ ಲೇನ್ ಇನ್, ಹಗಲಿನಲ್ಲಿಯೂ ಮಬ್ಬು ಬೆಳಕಿನಲ್ಲಿರುವ ಪಬ್ಬು. ಹೊರಗೆ ಮಳೆ ಬರುವಾಗ ಇಬ್ಬರು ಒಳಹೊಕ್ಕರೆ ಮತ್ತೆ ಏಳಲು ಮನಸ್ಸಾಗದು. ರಾತ್ರಿಯೂಟಕ್ಕೆ ಸಸ್ಯಾಹಾರಿಗಳಿಗೆ ಇಡೀ ಐರ್ಲೆಂಡಿನಲ್ಲಿ ಇಷ್ಟು ಹೆಸರುವಾಸಿಯಾದ ಇನ್ನೊಂದು ಸ್ಥಳವಿಲ್ಲ: 1993ರಲ್ಲಿ ಆರಂಭವಾದ ಪ್ಯಾರಡೀಸೊ ಸಂಪೂರ್ಣ ಸಸ್ಯಾಹಾರಿ, ದುಬಾರಿ, ಮತ್ತು ವಾರಗಳ ಮೊದಲೇ ಕಾದಿರಿಸಬೇಕಾದದ್ದು. ಡಬ್ಲಿನ್‌ನ ವಿಕ್ಲೋ ಸ್ಟ್ರೀಟಿನ ಕಾರ್ನುಕೋಪಿಯಾ ಇದಕ್ಕಿಂತ ಸರಳ, ಅಗ್ಗ. ಗಾಲ್ವೇಯಲ್ಲಿ ನಾನು ಹೆಚ್ಚಾಗಿ ತರಕಾರಿ ಸೂಪು, ಕಂದು ಸೋಡಾ ಬ್ರೆಡ್ಡುಗಳಲ್ಲಿ ಹೊಟ್ಟೆ ತುಂಬಿಸಿಕೊಂಡೆ. ಅದೂ ಒಳ್ಳೆಯ ಊಟವೇ, ಆದರೆ ಎರಡು ದಿನ ಎರಡೂ ಹೊತ್ತು ಅದನ್ನೇ ತಿನ್ನುವುದು ಬೇರೆ ಮಾತು.

ಸಂಗೀತಕ್ಕೆ ಕೋಬರ್ಗ್ ಸ್ಟ್ರೀಟಿನ ಶಿನ್ ಎ. ಐರಿಶ್‌ನಲ್ಲಿ ಆ ಹೆಸರಿಗೆ ‘ಅಷ್ಟೇ’ ಎಂದು ಅರ್ಥ. ಪಕ್ಕದಲ್ಲಿ ಶವಸಂಸ್ಕಾರದ ಮನೆಯಿರುವುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಗಾಲ್ವೇಯಷ್ಟು ಸೆಷನ್‌ಗಳು ಕಾರ್ಕ್‌ನಲ್ಲಿ ಇಲ್ಲವೆಂಬುದನ್ನು ಒಪ್ಪಬೇಕು. ಆದರೆ ಇಲ್ಲಿ ಒಂದು ಸೆಷನ್ ಕೇಳಿ, ನಾಲ್ಕು ಹೆಜ್ಜೆ ನಡೆದು ಇನ್ನೊಂದು ಪಬ್ಬಿನಲ್ಲಿ ಕೂತು ಕೇಳಿದ್ದರ ಬಗ್ಗೆ ಮಾತಾಡಬಹುದು. ಆ ಅನುಕೂಲ ಗಾಲ್ವೇಯ ಶನಿವಾರ ರಾತ್ರಿಗಿಲ್ಲ.

ಶ್ಯಾಂಡನ್ ಗುಡ್ಡದ ಮೇಲೆ 1722ರ ಸಂತ ಆನ್ ಚರ್ಚಿದೆ. ಗೋಪುರದ ನಾಲ್ಕು ಮುಖದ ಗಡಿಯಾರಗಳು ಒಂದೊಂದು ಒಂದೊಂದು ಸಮಯ ತೋರಿಸುತ್ತಿದ್ದುದರಿಂದ ಊರವರು ಅದನ್ನು ‘ನಾಲ್ಮೊಗದ ಸುಳ್ಳುಗಾರ’ನೆಂದು ಕರೆದರು. ಟಿಕೆಟ್ ಕೊಂಡು ಮೇಲೇರಿದರೆ, ಸ್ವರದ ಅಂಕಿಗಳನ್ನು ಬರೆದ ಹಾಳೆಯನ್ನು ನೋಡುತ್ತ ಹಗ್ಗ ಜಗ್ಗಿ, ಊರಿಗೆಲ್ಲ ಕೇಳುವಂತೆ ಗಂಟೆಗಳನ್ನು ನೀವೇ ಬಾರಿಸಬಹುದು. ವಿಶ್ವವಿದ್ಯಾಲಯದ ಕಲ್ಲಿನ ಮೊಗಸಾಲೆಯಲ್ಲಿ ಓಗಮ್ ಶಾಸನಗಳಿವೆ: ಕಲ್ಲಿನ ಅಂಚಿನುದ್ದಕ್ಕೂ ಗೀಟುಗಳಿಂದ ಕೊರೆದ, ಒಂದೂವರೆ ಸಾವಿರ ವರ್ಷಗಳಷ್ಟು ಹಳೆಯ ಐರಿಶ್ ಬರಹ. ಹಲ್ಮಿಡಿಯ ಸಾಲುಗಳನ್ನು ಕಂಡವರು ಅಲ್ಲಿ ಅರ್ಧ ಗಂಟೆ ನಿಲ್ಲದೆ ಬರಲಾರರು. ಇದೇ ಸಂಸ್ಥೆಯ ಮೊದಲ ಗಣಿತ ಪ್ರಾಧ್ಯಾಪಕರಾಗಿ 1849ರಲ್ಲಿ ಬಂದವರು, ಕಂಪ್ಯೂಟರಿನ ತರ್ಕಕ್ಕೆ ತಳಹದಿಯಾದ ಬೂಲಿಯನ್ ಬೀಜಗಣಿತದ ಜಾರ್ಜ್ ಬೂಲ್. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ.

ಭಾರತೀಯರಿಗೆ ಕಾರ್ಕ್‌ನೊಡನೆ ಇನ್ನೊಂದು ನಂಟಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಸಿಡಿದು 329 ಜನ ಸತ್ತದ್ದು ಈ ಕರಾವಳಿಯಾಚೆಯ ಕಡಲಿನಲ್ಲಿ. ಕೌಂಟಿಯ ಪಶ್ಚಿಮದ ಅಹಕಿಸ್ಟಾ ಎಂಬ ಹಳ್ಳಿಯಲ್ಲಿ ಅವರ ಸ್ಮಾರಕವಿದೆ, ಪ್ರತಿ ವರ್ಷ ಆ ದಿನ ಹಳ್ಳಿಯವರು ಸತ್ತವರ ಕುಟುಂಬದವರೊಡನೆ ಸೇರಿ ನೆನೆಯುತ್ತಾರೆ. ವಾರಾಂತ್ಯದಲ್ಲಿ ಅಲ್ಲಿಗೆ ಹೋಗಿ ಬರುವುದು ಸುಲಭವಲ್ಲ, ಸ್ವಂತ ವಾಹನ ಬೇಕು.

ಬಿಟ್ಟ ಎರಡು ಊರುಗಳು

ಕಿಲ್ಕೆನ್ನಿಯು ಡಬ್ಲಿನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ. ಕೋಟೆಯಿಂದ ಸಂತ ಕ್ಯಾನಿಸರ ಚರ್ಚಿನವರೆಗಿನ ಹಳೆಯ ಬೀದಿ ಚಂದವಿದೆ, ಒಂದು ರಾತ್ರಿಗೆ ಸಾಕು, ಎರಡಕ್ಕೆ ಹೆಚ್ಚು. ಬೆಲ್‌ಫಾಸ್ಟಿನ ಕ್ರೌನ್ ಲಿಕರ್ ಸಲೂನ್ ಎಂಬ ಪಬ್ಬು ಹಂಚು, ಗಾಜು, ಗ್ಯಾಸ್ ದೀಪ, ಹತ್ತು ಸ್ನಗ್‌ಗಳಿಂದ ಕೂಡಿ ನೋಡಲು ಇಡೀ ದ್ವೀಪದಲ್ಲಿಯೇ ಶ್ರೇಷ್ಠವಿರಬಹುದು. ಆದರೆ ಅದು ಬ್ರಿಟನ್ನಿಗೆ ಸೇರಿದ ಊರು. ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲವೆಂಬ ಧೈರ್ಯದಲ್ಲಿ ಐರ್ಲೆಂಡಿನ ನಿವಾಸ ಪರವಾನಗಿಯಷ್ಟನ್ನೇ ಹಿಡಿದು ಹೋಗುವ ಭಾರತೀಯರಿದ್ದಾರೆ. ಅದು ಕಾನೂನುಬಾಹಿರ, ಸಿಕ್ಕಿಬಿದ್ದರೆ ಮುಂದಿನ ಎಲ್ಲ ವೀಸಾ ಅರ್ಜಿಗಳಿಗೂ ಕಳಂಕ. ಹಾಗೆಯೇ ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲಿಲ್ಲ, ಯುರೋಪಿನ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಲಂಡನ್ನಿನಲ್ಲಿ ಕೆಲಸದ ವೀಸಾದಲ್ಲಿರುವ ಭಾರತೀಯ ಗೆಳೆಯನೂ ಐರಿಶ್ ವೀಸಾವನ್ನು ಬೇರೆಯಾಗಿ ಪಡೆಯಬೇಕು. ಇದನ್ನು ವಿಮಾನದ ಟಿಕೆಟ್ಟಿಗಿಂತ ಮೊದಲೇ ನೋಡಿಕೊಳ್ಳಬೇಕು.

ಆರಿಸಿ, ಹೊರಡುವಾಗ

ಮೊದಲ ಸಲ ಐರ್ಲೆಂಡಿಗೆ ವಿಮಾನದಲ್ಲಿ ಬಂದು ಭಾನುವಾರ ಸಂಜೆಯೇ ಮರಳಬೇಕಾದ ಜೋಡಿ ಡಬ್ಲಿನ್ ಬಿಟ್ಟು ಕದಲಬಾರದು. ಇಬ್ಬರಲ್ಲಿ ಒಬ್ಬರಾದರೂ ವಾದ್ಯ ನುಡಿಸುವವರಿದ್ದರೆ, ಅಥವಾ ಹಾಡು ಕೇಳಲು ಊಟ ಬಿಡುವವರಿದ್ದರೆ, ಗಾಲ್ವೇ. ಡಬ್ಲಿನ್ ವಿಮಾನ ನಿಲ್ದಾಣದಿಂದಲೇ ನೇರ ಬಸ್ಸುಗಳಿವೆ. ಉಳಿದವರಿಗೆಲ್ಲ, ಅದರಲ್ಲೂ ವರ್ಷಗಳ ಮೇಲೆ ಭೇಟಿಯಾಗುತ್ತಿರುವವರಿಗೆ, ಕಾರ್ಕ್. ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ಮಾತ್ರ ಅಲ್ಲಿ ಜಾಝ್ ಉತ್ಸವವಿರುವುದರಿಂದ ಜಾಝ್ ಬೇಡದವರು ಬೇರೆ ದಿನ ನೋಡಿಕೊಳ್ಳಬೇಕು. ಯಾವ ಊರಾದರೂ ಕಾರು ಬಾಡಿಗೆಗೆ ಹಿಡಿಯಬೇಡಿ. ಕುಡಿದು ಓಡಿಸುವವರಿಗೆ ಅಲ್ಲಿನ ಮಿತಿ ಕಟ್ಟುನಿಟ್ಟು, ಕುಡಿಯದ ಗೆಳೆಯ ಎರಡು ದಿನವೂ ಚಾಲಕನಾಗಿ ದುಡಿಯಬೇಕಾಗುವುದು ಅನ್ಯಾಯ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಜೂನಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ನಡೆದಾಡಲು ಜೂನ್, ಪಬ್ಬಿನ ಬೆಚ್ಚನೆಗೆ ನವೆಂಬರ್.

ಕಾರ್ಕ್ ಆರಿಸಿಕೊಂಡವರು ಶುಕ್ರವಾರ ಸಂಜೆಯ ರೈಲಿಗೆ ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಲ್ಲಿ ಹತ್ತಬೇಕು. ಭಾನುವಾರ ಬೆಳಿಗ್ಗೆ ಕಾರ್ಕ್‌ನ ಕೆಂಟ್ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಇಪ್ಪತ್ತೈದು ನಿಮಿಷ ಹೋದರೆ ಕೋವ್ ಎಂಬ ಬಂದರು ಊರು. 1912ರ ಏಪ್ರಿಲ್ 11ರಂದು ಟೈಟಾನಿಕ್ ಹಡಗು ಕೊನೆಯದಾಗಿ ಲಂಗರು ಹಾಕಿದ್ದು ಅಲ್ಲಿ; ಅದಕ್ಕೂ ಹಿಂದಿನಿಂದ, ಬರಗಾಲದ ಕಾಲದಿಂದ, ಸುಮಾರು 25 ಲಕ್ಷ ಐರಿಶ್ ಜನ ಊರು ಬಿಟ್ಟು ಅಮೆರಿಕದ ಹಡಗು ಹತ್ತಿದ್ದೂ ಅದೇ ದಂಡೆಯಿಂದ. ಕಡಲಿಗೆ ಮುಖ ಮಾಡಿದ ಬಣ್ಣಬಣ್ಣದ ಮನೆಗಳ ಸಾಲು, ಮೇಲೆ ದೊಡ್ಡ ಚರ್ಚು, ಕೆಳಗೆ ದಂಡೆಯ ಬೆಂಚುಗಳು. ದೂರದ ಊರಿಗೆ ದುಡಿಯಲು ಬಂದ ಇಬ್ಬರಿಗೆ ಅಲ್ಲಿ ಮಾತಾಡಲು ವಿಷಯ ಹುಡುಕಬೇಕಾಗುವುದಿಲ್ಲ. ಕೋವ್‌ನಿಂದ ಮರಳುವ ರೈಲು ಬಂದು ನಿಲ್ಲುವುದೂ ಡಬ್ಲಿನ್‌ನ ರೈಲು ಹೊರಡುವುದೂ ಕೆಂಟ್ ನಿಲ್ದಾಣದಲ್ಲಿಯೇ ಆದ್ದರಿಂದ ಮತ್ತೆ ಊರಿನೊಳಕ್ಕೆ ಹೋಗುವ ಅಗತ್ಯವಿಲ್ಲ. ಭಾನುವಾರ ಸಂಜೆಯ ರೈಲುಗಳು ವಿದ್ಯಾರ್ಥಿಗಳಿಂದ ತುಂಬಿರುತ್ತವೆ. ಮರಳುವ ಸೀಟನ್ನು ಹೋಗುವ ಸೀಟಿನ ಜೊತೆಯಲ್ಲಿಯೇ, ಇಬ್ಬರಿಗೂ ಅಕ್ಕಪಕ್ಕದಲ್ಲಿ, ಕಾದಿರಿಸಿಕೊಳ್ಳಿ.